ಕಿಳ್ಳೇಕ್ಯಾತನ ಊರು: ಹಾಸನ ಸೀಮೆಯ ತೊಗಲುಗೊಂಬೆ ಮನೆತನಗಳ ಕಲೆಯನ್ನು ಕುರಿತು

೧

ತೊಗಲುಗೊಂಬೆಯಾಟವನ್ನು ಕುರಿತು ಇದುವರೆಗೆ ನಡೆದಿರುವ ವಿಚಾರವನ್ನು ಒಟ್ಟಿನಲ್ಲಿ ಅವಲೋಕಿಸಿದರೆ, ಅದು ಬಹುಮಟ್ಟಿಗೆ ಎರಡು ಮಾರ್ಗಗಳಲ್ಲಿ ಸಾಗಿರುವುದು ಕಂಡುಬರುತ್ತದೆ. ಗೊಂಬೆಯನ್ನು ಚಿತ್ರಕಲೆಯ ಒಂದು ಪ್ರಭೇದವೆಂದು ಭಾವಿಸಿ, ಅದರ ಬಣ್ಣ, ರೇಖೆ, ಕೆತ್ತನೆ, ಆಭರಣಗಳನ್ನು ವರ್ಣಿಸುವುದು ಮೊದಲನೆಯ ಮಾರ್ಗ. ಆಡುವ ಕಥೆಯನ್ನು ಮುಂದಿಟ್ಟುಕೊಂಡು, ಅದು ತೊರವೆ ರಾಮಾಯಣಕ್ಕೆ ಎಷ್ಟು ಸಮೀಪ, ಕುಮಾರವ್ಯಾಸನ ಭಾರತದಿಂದ ಎಷ್ಟು ದೂರ ಎಂದು ಅಳೆಯುವುದು ಎರಡನೆಯ ಮಾರ್ಗ. ಎರಡರಿಂದಲೂ ನಮಗೆ ಲಾಭವಾಗಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಊರೂರಿನ ಗೊಂಬೆಗಳನ್ನು ಕೂಡಿಸಿದರು. ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಗಿ ಗೊಂಬೆಗಳಿಗೆ ಅಲ್ಲಿಯೂ ಒಂದು ನೆಲೆ ದೊರೆಯಿತು. ಜರ್ಮನ್ ವಿದ್ವಾಂಸ ಫ್ರೀಡ್ರಿಖ್ ಸೆಲ್ಟ್‌ಮನ್ ೧೯೭೧ರಲ್ಲಿ ಮೈಸೂರು ಮತ್ತು ಆಂಧ್ರದ ನೆರಳಾಟವನ್ನು ಕುರಿತು ಬರೆದರು. ಎಸ್. ಎ. ಕೃಷ್ಣಯ್ಯನವರು ೧೯೮೮ರಲ್ಲಿ ಕರ್ನಾಟಕದ ಗೊಂಬೆಯಾಟಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಈ ಶ್ರಮವಿಲ್ಲದಿದ್ದರೆ ಇಂದು ನಾವು ವಿಚಾರ ಮಾಡುವುದಕ್ಕೆ ಸಾಮಗ್ರಿಯೇ ಇರುತ್ತಿರಲಿಲ್ಲ.

ಆದರೆ ಈ ಎರಡು ಮಾರ್ಗಗಳಲ್ಲಿಯೂ ಗೊಂಬೆಯನ್ನು ಆಡಿಸುವವನು ಹಿಂದೆಯೇ ಉಳಿಯುತ್ತಾನೆ. ಚಿತ್ರವನ್ನು ನೋಡುವವರಿಗೆ ಅವನು ಕುಶಲಕರ್ಮಿ. ಕಥೆಯನ್ನು ಓದುವವರಿಗೆ ಅವನು ಕಾವ್ಯವನ್ನು ಅಷ್ಟಿಷ್ಟು ಕೆಡಿಸಿ ಒಪ್ಪಿಸುವ ನಿರೂಪಕ. ಅವನ ಬಾಳಿಗೂ ಅವನ ಆಟಕ್ಕೂ ಇರುವ ಸಂಬಂಧವನ್ನು ವಿಮರ್ಶೆಯ ವಿಷಯವೆಂದು ನಾವು ಭಾವಿಸಿದ್ದು ಕಡಿಮೆ. ಆ ಬಾಳು ಸಮಾಜಶಾಸ್ತ್ರಕ್ಕೆ ಸೇರಿದ್ದು, ಆಟ ಮಾತ್ರ ನಮಗೆ ಸೇರಿದ್ದು ಎಂಬ ಒಂದು ವಿಭಾಗಕ್ರಮ ನಮ್ಮ ಮನಸ್ಸಿನಲ್ಲಿ ನಿಂತುಹೋಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮನೆತನಗಳ ಆಟವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಭಾಗಕ್ರಮವು ಸರಿಯಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಮೇಲು: ಈ ಆಟದ ಕಲಾತ್ಮಕ ಕೇಂದ್ರವು ರಾಮನಾಗಲಿ ಅರ್ಜುನನಾಗಲಿ ಅಲ್ಲ, ಕಿಳ್ಳೇಕ್ಯಾತ. ಆ ಹಾಸ್ಯಗಾರನ ಮಾತಿಗೆ ವಸ್ತುವನ್ನು ಒದಗಿಸಿದ್ದು ಮನೆತನದ ಸಂಚಾರ. ಸಂಚಾರವು ನಿಂತಾಗ ಆಟದಲ್ಲಿ ಮೊದಲು ಕಳೆದುಹೋದವನೂ ಅವನೇ. ನಾವು ‘ಉಳಿಸಿಕೊಂಡೆವು’ ಎಂದು ಹೇಳಿಕೊಳ್ಳುವ ಆಟವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರೀಕ್ಷಿಸಬೇಕಾಗಿದೆ.

೨

ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು, ಗೊಂಬೆರಾಮ ಎಂಬ ಹೆಸರುಗಳಿಂದ ಕರೆಯಲ್ಪಡುವ ಜನರಲ್ಲಿ ಈ ಆಟವು ಕುಲವೃತ್ತಿಯಾಗಿ ನಡೆದುಬಂದಿದೆ. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೇ ಇವರಿಗೆ ಒಂದು ಪ್ರತ್ಯೇಕ ಲೇಖನ ಮೀಸಲಾಗಿದೆ. ಇವರ ಮನೆಮಾತು ಮರಾಠಿಯ ಒಂದು ಪ್ರಭೇದ. ಪೂರ್ವಿಕರು ಮಹಾರಾಷ್ಟ್ರದ ಕಡೆಯಿಂದ ಬಂದವರೆಂಬುದು ಇವರಲ್ಲಿಯೇ ಇರುವ ಪ್ರತೀತಿ. ಹೊಳೆಕೆರೆಗಳಲ್ಲಿ ಮೀನು ಹಿಡಿಯುವುದು, ಹೆಂಗಸರು ಹಚ್ಚೆ ಹೊಯ್ಯುವುದು ಆಟವಿಲ್ಲದ ಕಾಲದ ಜೀವನೋಪಾಯಗಳು. ಶಿಳ್ಳೇಕ್ಯಾತ ಎಂಬ ಹೆಸರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸೇರಿದೆ.

ಈ ಸಂಗತಿಗಳಲ್ಲಿ ಭಾಷೆಯ ವಿಷಯ ವಿಮರ್ಶಕನ ಗಮನಕ್ಕೆ ವಿಶೇಷವಾಗಿ ಬರಬೇಕು. ಮನೆಯಲ್ಲಿ ಮರಾಠಿ, ಪರದೆಯ ಹಿಂದೆ ಕನ್ನಡ ಎಂದ ಮೇಲೆ ಆಟದ ಭಾಷೆ ಇವರಿಗೆ ಹುಟ್ಟಿನಿಂದ ಬಂದುದಲ್ಲ, ಕಲಿಕೆಯಿಂದ ಬಂದುದು. ಅದೂ ಒಂದೇ ಬಗೆಯ ಕನ್ನಡವಲ್ಲ. ದೇವತೆಗಳಿಗೂ ರಾಜರಿಗೂ ಕಾವ್ಯದ ಮತ್ತು ಬಯಲಾಟದ ಪದ್ಯಗಳಿಂದ ಬಂದ ಗಂಭೀರವಾದ ನುಡಿ. ಮಂತ್ರಿ, ದೂತ, ಸೇವಕರಿಗೆ ನಡುಹದದ ನುಡಿ. ಕಿಳ್ಳೇಕ್ಯಾತನಿಗೆ ಅಂದು ಆಟ ನಡೆಯುತ್ತಿರುವ ಊರಿನ ಆಡುನುಡಿ. ಒಬ್ಬನೇ ಕಲಾವಿದನು ಒಂದೇ ರಾತ್ರಿಯಲ್ಲಿ ಈ ಮೂರು ಕನ್ನಡಗಳ ನಡುವೆ ಓಡಾಡುತ್ತಾನೆ. ಊರವರಿಗೆ ತಮ್ಮ ಆಡುಮಾತಿನ ವಿಶೇಷ ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದು ಕಲಿತವನಿಗೆ ಅದು ಚೆನ್ನಾಗಿ ಕೇಳಿಸುತ್ತದೆ. ಕಿಳ್ಳೇಕ್ಯಾತನ ಅನುಕರಣೆ ಅಷ್ಟು ಮೊನಚಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಮೇಳವೆಂದರೆ ಇಲ್ಲಿ ಕುಟುಂಬವೇ. ತಂದೆ ಮುಖ್ಯಪಾತ್ರಗಳನ್ನು ಆಡಿಸುತ್ತ ಅರ್ಥ ಹೇಳುತ್ತಾನೆ. ತಾಯಿ ಹೆಣ್ಣುಪಾತ್ರಗಳಿಗೆ ದನಿ ಕೊಡುತ್ತಾಳೆ, ಹಿಮ್ಮೇಳದಲ್ಲಿ ಹಾಡುತ್ತಾಳೆ. ಮಕ್ಕಳು ಪೆಟ್ಟಿಗೆಯ ಬಳಿ ಕುಳಿತು ಮುಂದಿನ ಗೊಂಬೆಯನ್ನು ಎತ್ತಿಕೊಡುತ್ತಾರೆ. ಯಾವ ಗೊಂಬೆ ಯಾವ ಪದ್ಯಕ್ಕೆ ಬರಬೇಕೆಂಬುದು ಎತ್ತಿಕೊಡುವ ಕೈಗೆ ಮೊದಲು ತಿಳಿಯುತ್ತದೆ, ನಾಲಗೆಗೆ ಆಮೇಲೆ. ಹೆಣ್ಣುಮಕ್ಕಳ ಪಾಲು ಇದರಲ್ಲಿ ಎಷ್ಟು ದೊಡ್ಡದೆಂಬುದನ್ನು ನಾಡು ಬಹಳ ತಡವಾಗಿ ಗುರುತಿಸಿತು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದದ್ದು ೨೦೨೫ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ. ಹಾಸನದ ಕಡೆಯಲ್ಲಿ ಈ ಕಲೆಯ ಮಾತು ಬಂದಾಗ ಗುಂಡುರಾಜು ಅವರ ಹೆಸರು ಮುಂದೆ ಬರುತ್ತದೆ. ಇಂಥ ಕಲಾವಿದರನ್ನು ‘ಒಬ್ಬ ಕಲಾವಿದ’ ಎಂದು ಪ್ರತ್ಯೇಕಿಸಿ ಗೌರವಿಸುವುದು ಯುಕ್ತವೇ. ಆದರೆ ಆ ಒಂದು ಹೆಸರಿನ ಹಿಂದೆ ತಾಳ ಹಾಕಿದವರು, ಹಾಡಿದವರು, ಚರ್ಮ ಹದಮಾಡಿದವರು, ಗೊಂಬೆ ಎತ್ತಿಕೊಟ್ಟವರು ಇದ್ದಾರೆಂಬುದನ್ನು ಮರೆತರೆ ಮನೆತನದ ಕಲೆ ನಮಗೆ ಅರ್ಥವಾಗುವುದಿಲ್ಲ.

೩

ಇನ್ನು ಈ ಮನೆತನಗಳು ತಿರುಗಿದ ಸೀಮೆಯನ್ನು ನೋಡೋಣ. ಭೂಪಟದಲ್ಲಿ ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ನೆಲದ ಗುಣದಲ್ಲಿ ಬೇರೆಬೇರೆ. ಅರಕಲಗೂಡಿನ ಪಶ್ಚಿಮ ಭಾಗ ಅರೆಮಲೆನಾಡು. ಅದೇ ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದಲ್ಲಿದೆ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯಿಂದ ಅದಕ್ಕೆ ಆ ಹೆಸರು. ಚನ್ನರಾಯಪಟ್ಟಣ ಬಯಲುಸೀಮೆ, ರಾಗಿ, ತೆಂಗು, ಕೆರೆಯ ನೀರು ಅಲ್ಲಿಯ ಬಾಳು, ಶ್ರವಣಬೆಳಗೊಳದ ಬೆಟ್ಟ ಆ ತಾಲ್ಲೂಕಿನದೇ. ನಡುವೆ ಹಾಸನ, ಜಿಲ್ಲೆಯ ಕಚೇರಿ, ಸಂತೆ, ದೀಪಾವಳಿಯ ಸಮಯದಲ್ಲಿ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ.

ಮಳೆಗಾಲದಲ್ಲಿ ಬಯಲಿನಲ್ಲಿ ಪರದೆ ಕಟ್ಟಲಾಗದು. ಒಕ್ಕಣೆಗೆ ಮುಂಚೆ ರೈತನ ಮನೆಯಲ್ಲಿ ಕೊಡುವುದಕ್ಕೆ ಕಾಳಿರದು. ಆದಕಾರಣ ಆಟದ ಕಾಲವು ಸುಗ್ಗಿಯಿಂದ ಬೇಸಿಗೆಯ ಕೊನೆಯವರೆಗೆ. ಕಣದ ಕಾಳೇ ಸಂಭಾವನೆ. ಒಂದೊಂದು ಮನೆತನಕ್ಕೆ ರೂಢಿಯಿಂದ ಬಂದ ಊರುಗಳಿದ್ದವು. ಮಳೆ ಹಿಂದೆಗೆದ ವರ್ಷ, ದನಕರುಗಳಿಗೆ ಜಾಡ್ಯ ಬಂದ ವರ್ಷ ಊರವರೇ ಹೇಳಿಕಳುಹಿಸಿ ಆಡಿಸುತ್ತಿದ್ದುದೂ ಉಂಟು. ಆಟವಾದರೆ ಮಳೆಯಾಗುತ್ತದೆಂಬ ನಂಬಿಕೆ ಕನ್ನಡ ನಾಡಿನ ಹಲವು ಕಡೆಗಳಲ್ಲಿತ್ತು.

ಈ ಸಂಚಾರವನ್ನು ಕೇವಲ ಹೊಟ್ಟೆಪಾಡಿನ ಅಲೆದಾಟವೆಂದು ಬಗೆದರೆ ಅದರ ಕಲಾಪ್ರಯೋಜನ ಕಾಣದೆ ಹೋಗುತ್ತದೆ. ಗಾಡಿಯನ್ನೋ ಕತ್ತೆಯನ್ನೋ ಹೊಡೆದುಕೊಂಡು ಊರನ್ನು ಸೇರಿದ ಕುಟುಂಬವು ಹೊರವಲಯದಲ್ಲಿ ಬೀಡುಬಿಟ್ಟು, ಪಟೇಲರನ್ನು ಕಂಡು, ಮನೆಮನೆಯಿಂದ ಗಳು, ಬಟ್ಟೆ, ಎಣ್ಣೆ ಕೂಡಿಸಿಕೊಂಡು, ಆಟವಾಡಿ, ಮರುದಿನ ಕಾಳನ್ನು ಎತ್ತಿ ಮುಂದಿನ ಊರಿಗೆ ಹೊರಡುವುದರೊಳಗೆ ಆ ಊರಿನ ವಿಷಯವೆಲ್ಲ ಅದರ ಕಿವಿಗೆ ಬಿದ್ದಿರುತ್ತದೆ. ಯಾರ ಮನೆಯಲ್ಲಿ ಪಾಲಿನ ಜಗಳ, ಯಾವ ಕೆರೆಯ ತೂಬು ಒಡೆದಿದೆ, ಯಾರು ಹೊಸದಾಗಿ ಪೇಟ ಸುತ್ತಿ ದೊಡ್ಡಮನುಷ್ಯನಾಗಿದ್ದಾನೆ ಎಂಬುದು ಎಣ್ಣೆ ಬೇಡಲು ಹೋದ ಹೆಂಗಸಿಗೆ ತಿಳಿಯುತ್ತದೆ; ಸಂಜೆಯ ಹೊತ್ತಿಗೆ ಪರದೆಯ ಹಿಂದಿನ ಗಂಡಸಿಗೂ ತಿಳಿಯುತ್ತದೆ. ಕವಿಗೆ ಓದು ಹೇಗೋ ಗೊಂಬೆಯವನಿಗೆ ಈ ಬೇಡುವಿಕೆ ಹಾಗೆ: ಅದರಲ್ಲಿಯೇ ಅವನ ವ್ಯುತ್ಪತ್ತಿ. ಅರೆಮಲೆನಾಡಿನ ಹಳ್ಳಿಯಲ್ಲಿ ಕೇಳಿದ ಮಾತಿನ ಧಾಟಿಯನ್ನು ಬಯಲುಸೀಮೆಯ ಹಳ್ಳಿಯಲ್ಲಿ ಅಣಕಿಸುವ ಅವಕಾಶವೂ ನಾಲ್ಕು ತಾಲ್ಲೂಕು ತಿರುಗುವವನಿಗೆ ಮಾತ್ರ ಇತ್ತು.

೪

ಆಟದ ರಚನೆಯನ್ನು ಸಂಕ್ಷೇಪವಾಗಿ ನೋಡದೆ ಮುಂದಿನ ವಾದ ಸ್ಪಷ್ಟವಾಗದು. ಎದುರಿಗೆ ಬಿಳಿಯ ಪರದೆ. ಅದರ ಹಿಂದೆ ದೀಪ. ಹಿಂದೆ ಹರಳೆಣ್ಣೆಯ ದೀಪವಿತ್ತು. ಅನಂತರ ಪೆಟ್ರೋಮ್ಯಾಕ್ಸು, ವಿದ್ಯುದ್ದೀಪಗಳು ಬಂದವು. ಆಡಿನ ಚರ್ಮವನ್ನು ಹದಮಾಡಿ, ಬೆಳಕು ಹಾಯುವಂತೆ ತೆಳುವಾಗಿಸಿ, ಆಕಾರ ಬರೆದು, ಆಭರಣದ ಗೆರೆಗಳನ್ನು ಚಿಕ್ಕ ಉಳಿಗಳಿಂದ ರಂಧ್ರಮಾಡಿ, ಬಣ್ಣ ತುಂಬಿ ಗೊಂಬೆಯನ್ನು ಸಿದ್ಧಪಡಿಸುತ್ತಾರೆ. ದೇವತೆಗಳ ಗೊಂಬೆಗೆ ಜಿಂಕೆಯ ಚರ್ಮ ಶ್ರೇಷ್ಠವೆಂಬ ಭಾವನೆ ಹಿಂದೆ ಇತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಅನಂತರ ಅದಕ್ಕೆ ಅವಕಾಶವಿಲ್ಲ. ಸೀಳಿದ ಬಿದಿರಿನ ಕಡ್ಡಿಗೆ ಸಿಕ್ಕಿಸಿ ಗೊಂಬೆಯನ್ನು ಪರದೆಗೆ ಒತ್ತಿಹಿಡಿದು ಆಡಿಸುವುದು ಕ್ರಮ. ಕರ್ನಾಟಕದ ಗೊಂಬೆಗಳು ಆಂಧ್ರದವುಗಳಿಗಿಂತ ಸಾಮಾನ್ಯವಾಗಿ ಚಿಕ್ಕವು. ಪಾತ್ರದ ಅಂತಸ್ತಿಗೆ ತಕ್ಕಂತೆ ಗಾತ್ರವೂ ಬದಲಾಗುತ್ತದೆ: ರಾಜನಿಗೂ ದೇವರಿಗೂ ದೊಡ್ಡ ಗೊಂಬೆ, ಸಾಮಾನ್ಯನಿಗೂ ಸೇವಕನಿಗೂ ಚಿಕ್ಕದು. ಒಂದೇ ಚರ್ಮದಲ್ಲಿ ಹಲವು ಪಾತ್ರಗಳನ್ನು ಕೂಡಿಸಿ ಒಂದು ಸನ್ನಿವೇಶವನ್ನೇ ಚಿತ್ರಿಸಿರುವ ಗೊಂಬೆಗಳೂ ಇವೆ. ಅವುಗಳಲ್ಲಿ ಕೈಕಾಲುಗಳ ಚಲನೆ ಇಲ್ಲ. ಚಲನೆಯೆಲ್ಲ ಹಾಡಿನಲ್ಲಿ ಮತ್ತು ಮಾತಿನಲ್ಲಿ ಆಗಬೇಕು.

ಗಣಪತಿ ಶಾರದೆಯರ ಸ್ತುತಿಯಿಂದ ಆಟ ಮೊದಲಾಗುತ್ತದೆ. ಅದಾದ ಕೂಡಲೆ ಬರುವವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಇವರ ಜಗಳ, ಸರಸ, ಅಸಭ್ಯಕ್ಕೆ ಹತ್ತಿರದ ಹಾಸ್ಯ ಮುಗಿದ ಮೇಲೆ ಕಥೆ ಮುಂದೆ ಸಾಗುತ್ತದೆ: ಲಂಕಾದಹನ, ಮೈರಾವಣನ ಕಾಳಗ, ಲವಕುಶರ ಕಾಳಗ, ವಿರಾಟಪರ್ವ ಇತ್ಯಾದಿ. ರಾತ್ರಿಯಿಡೀ ನಡೆಯುವ ಆಟದಲ್ಲಿ ಕಥೆಯ ಸಂದುಗಳಲ್ಲೆಲ್ಲ ಕಿಳ್ಳೇಕ್ಯಾತ ಮತ್ತೆ ತಲೆಹಾಕುತ್ತಾನೆ.

ಇಲ್ಲಿ ಒಂದು ವೈಷಮ್ಯ ಗಮನಾರ್ಹವಾಗಿದೆ. ಗಾತ್ರದಿಂದ ಅಂತಸ್ತನ್ನು ಸೂಚಿಸುವ ಈ ಕಲೆಯಲ್ಲಿ ಕಿಳ್ಳೇಕ್ಯಾತ ಚಿಕ್ಕವನು, ಕರಿಯನು, ಅಂದವಿಲ್ಲದವನು. ಆದರೆ ರಾಮರಾವಣರು ಬಹುಮಟ್ಟಿಗೆ ಬಿಗಿದುಕೊಂಡ ಚಿತ್ರಗಳಾಗಿರುವಾಗ ಎಡೆಬಿಡದೆ ಅಲುಗಾಡುವವನು ಅವನು. ಪ್ರಭುಗಳಿಗೆ ಗಾಂಭೀರ್ಯವನ್ನೂ ಈ ಕುಳ್ಳನಿಗೆ ಜೀವವನ್ನೂ ಕೊಟ್ಟಿರುವುದು ಆಕಸ್ಮಿಕವಲ್ಲ. ಆಟವನ್ನು ಕಟ್ಟಿದವರ ನಿಲುವು ಅದರಲ್ಲಿ ಪ್ರಕಟವಾಗಿದೆ.

೫

ನಮ್ಮ ಅಲಂಕಾರಶಾಸ್ತ್ರದಲ್ಲಿ ಹಾಸ್ಯಕ್ಕೆ ಸ್ಥಾನವುಂಟು. ಸಂಸ್ಕೃತ ನಾಟಕದಲ್ಲಿ ವಿದೂಷಕನುಂಟು. ಕಿಳ್ಳೇಕ್ಯಾತನನ್ನು ವಿದೂಷಕನ ಗ್ರಾಮ್ಯರೂಪವೆಂದು ಕರೆದು ಮುಗಿಸಿಬಿಡುವುದು ಸುಲಭ. ಆದರೆ ಅದು ಸಾಲದು. ವಿದೂಷಕನು ನಾಯಕನ ಗೆಳೆಯ; ಕಥೆಯ ಒಳಗಿನವನು. ಕಿಳ್ಳೇಕ್ಯಾತ ಯಾವ ಪುರಾಣಕ್ಕೂ ಸೇರಿದವನಲ್ಲ. ರಾಮಾಯಣದಲ್ಲಿಯೂ ಅವನಿಲ್ಲ, ಭಾರತದಲ್ಲಿಯೂ ಇಲ್ಲ. ಆದರೂ ಎರಡರಲ್ಲಿಯೂ ಬರುತ್ತಾನೆ. ಅಯೋಧ್ಯೆಯೂ ಹಸ್ತಿನಾವತಿಯೂ ಎಲ್ಲ ಊರಿನ ಆಟದಲ್ಲಿಯೂ ಒಂದೇ ಆಗಿರುತ್ತವೆ. ಕಿಳ್ಳೇಕ್ಯಾತನ ಊರು ಮಾತ್ರ ದಿನಕ್ಕೊಂದು: ಆಟ ಎಲ್ಲಿ ನಡೆಯುತ್ತಿದೆಯೋ ಅದೇ ಅವನ ಊರು.

ಇದಕ್ಕೆ ಸಮಾನವಾದ ಪಾತ್ರಗಳು ಬೇರೆಡೆಯೂ ಇವೆ. ಆಂಧ್ರದ ತೋಲುಬೊಮ್ಮಲಾಟದಲ್ಲಿ ಕೇತಿಗಾಡು ಮತ್ತು ಬಂಗಾರಕ್ಕ ಇದೇ ಕೆಲಸವನ್ನು ಮಾಡುತ್ತಾರೆ. ಜಾವಾ ದ್ವೀಪದ ವಯಾಂಗ್ ನೆರಳಾಟದಲ್ಲಿ ಮಹಾಭಾರತದ ಕಥೆಯ ನಡುವೆ ಸೆಮಾರ್ ಮತ್ತು ಅವನ ಮಕ್ಕಳು ನುಗ್ಗಿ ಇಂದಿನ ಮಾತನ್ನಾಡುತ್ತಾರೆ; ಮೂಲದ ಭಾರತದಲ್ಲಿ ಅವರಿಲ್ಲ. ತುರ್ಕಿಯ ನೆರಳಾಟದ ಹೆಸರೇ ಅದರ ಹಾಸ್ಯಗಾರನಾದ ಕರಗೋಜನ ಹೆಸರು. ವಯಾಂಗನ್ನು ೨೦೦೩ರಲ್ಲಿಯೂ ಕರಗೋಜ್ ಆಟವನ್ನು ೨೦೦೯ರಲ್ಲಿಯೂ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯೆಂದು ಮನ್ನಿಸಿತು. ನಮ್ಮಲ್ಲಿ ಹಾಸ್ಯಗಾರನ ಹೆಸರು ಆಟವನ್ನೂ ದಾಟಿ ಆಡಿಸುವ ಜನಕ್ಕೇ ಅಂಟಿಕೊಂಡಿದೆ. ರಾಮನನ್ನು ಆಡಿಸುವವರನ್ನು ಊರು ರಾಮನ ಹೆಸರಿನಿಂದಲೂ ಕರೆಯಿತು, ಗೊಂಬೆರಾಮರೆಂದಿತು. ಆದರೆ ಹೆಚ್ಚಾಗಿ ನಿಂತದ್ದು ಕಿಳ್ಳೇಕ್ಯಾತರೆಂಬ ಹೆಸರು. ನೋಡುಗರ ನೆನಪಿನಲ್ಲಿ ಆಟದ ಮುಖ್ಯಪಾತ್ರ ಯಾವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ಪಾತ್ರದ ಕಾರ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಪದ್ಯದಲ್ಲಿ ಹೇಳಿದ್ದನ್ನು ಆಡುಮಾತಿಗೆ ಇಳಿಸಿ ಕಥೆಯನ್ನು ವಿವರಿಸುವುದು ಮೊದಲನೆಯದು. ವೀರರ ದೊಡ್ಡ ಮಾತುಗಳ ಪಕ್ಕದಲ್ಲಿ ಹೊಟ್ಟೆ, ಸಾಲ, ಹೆಂಡತಿಯ ಬೈಗುಳಗಳ ಲೋಕವನ್ನು ನಿಲ್ಲಿಸಿ ಎರಡನ್ನೂ ಒಂದೇ ಪರದೆಯ ಮೇಲೆ ತೋರಿಸುವುದು ಎರಡನೆಯದು. ಊರಿನ ಪ್ರಬಲರನ್ನು ಅವರ ಎದುರಿಗೇ ಆಡಿಕೊಳ್ಳುವುದು ಮೂರನೆಯದು. ಹಗಲಿನಲ್ಲಿ ಪಟೇಲನ ಮುಂದೆ ಕೈಕಟ್ಟಿ ನಿಂತು ಗಳು ಬೇಡಿದವನು ರಾತ್ರಿ ಅದೇ ಪಟೇಲನ ನಡಿಗೆಯನ್ನು ಗೊಂಬೆಯಲ್ಲಿ ಅಣಕಿಸಬಲ್ಲ. ಮಾತನಾಡಿದ್ದು ತಾನಲ್ಲ, ತೊಗಲು. ಮರುದಿನ ಕಾಳು ಎತ್ತಬೇಕಾದುದರಿಂದ ಆ ಅಣಕಕ್ಕೆ ಒಂದು ಮಿತಿಯೂ ಉಂಟು; ನೋಯಿಸಿಯೂ ನಗಿಸಬೇಕು, ನಗಿಸಿ ಕಾಳನ್ನೂ ಪಡೆಯಬೇಕು. ನಮ್ಮ ಶಾಸ್ತ್ರದ ಔಚಿತ್ಯವೆಂಬ ತತ್ತ್ವವು ಹೀಗೆ ಹೊಟ್ಟೆಯ ಪ್ರಶ್ನೆಯಾಗಿ ಪರೀಕ್ಷೆಗೊಳಗಾಗುವ ಕಲೆಗಳು ವಿರಳ. ಕಾಳಿಗಾಗಿ ತಿರುಗುವ ಬಾಳನ್ನು ಬದಿಗಿಟ್ಟು ಈ ಹಾಸ್ಯದ ಹದವನ್ನು ವಿವರಿಸುವುದು ಅಸಾಧ್ಯವೆಂದೇ ನಾವು ಬಾಳನ್ನೂ ಆಟವನ್ನೂ ಬೇರ್ಪಡಿಸಬಾರದೆಂದು ಹೇಳಿದ್ದು.

೬

ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಸಡಿಲವಾಯಿತು. ಟೂರಿಂಗ್ ಟಾಕೀಸು, ರೇಡಿಯೋ, ಆಮೇಲೆ ಟೆಲಿವಿಷನ್ ರಾತ್ರಿಯ ಹೊತ್ತನ್ನು ಹಂಚಿಕೊಂಡವು. ಕಾಳಿನ ಲೆಕ್ಕ ಹಣದ ಲೆಕ್ಕವಾಯಿತು. ವಂಶಪಾರಂಪರ್ಯದ ಪಟೇಲಿಕೆ ಹೋಗಿ, ಊರಿನ ಪರವಾಗಿ ಆಟವನ್ನು ಒಪ್ಪಿಕೊಳ್ಳುವ ಹೊಣೆ ಯಾರದೂ ಅಲ್ಲದಂತಾಯಿತು. ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಜಲಾಶಯ ೧೯೭೯ರಲ್ಲಿ ಪೂರ್ಣಗೊಂಡಿತು. ಶೆಟ್ಟಿಹಳ್ಳಿಯ ಕಡೆಯ ಹಲವು ಹಳ್ಳಿಗಳು ಹಿನ್ನೀರಿಗೆ ಸೇರಿದವು. ಕೆಳಗಣ ಸೀಮೆಗೆ ನೀರಾವರಿಯ ಸಂಪತ್ತು ಬಂದದ್ದು ನಿಜ. ಒಂದೇ ಬೆಳೆಯ ಸುಗ್ಗಿ, ಅದರ ಹಿಂದಿನ ಬಿಡುವು ಎಂಬ ಹಳೆಯ ವರ್ಷಕ್ರಮ ಮಾತ್ರ ಹಾಗೆಯೇ ಉಳಿಯಲಿಲ್ಲ. ಗೊಂಬೆಯ ಮನೆತನಗಳ ಮಕ್ಕಳು ಶಾಲೆಗೆ ಹೋದರು, ಬೇರೆ ಕೆಲಸ ಹಿಡಿದರು. ಇದು ಶೋಚನೀಯವಲ್ಲ, ಆಗಬೇಕಾದುದೇ ಆಯಿತು.

ಇದೇ ಕಾಲದಲ್ಲಿ ಹೊಸ ಪೋಷಕರು ಬಂದರು. ೧೯೫೪ರಲ್ಲಿ ಆರಂಭವಾಗಿ ೨೦೧೭ರಲ್ಲಿ ಬೇರೊಂದು ಇಲಾಖೆಯಲ್ಲಿ ವಿಲೀನವಾದ ಕೇಂದ್ರ ಸರ್ಕಾರದ ಗೀತ ನಾಟಕ ವಿಭಾಗವು ಜಾನಪದ ಕಲೆಗಳನ್ನು ಪ್ರಚಾರಕಾರ್ಯಕ್ಕೆ ಬಳಸಿತು. ೧೯೭೯ರಲ್ಲಿ ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು, ರಾಜ್ಯದ ಅಕಾಡೆಮಿಗಳು, ಸಂಗೀತ ನಾಟಕ ಅಕಾಡೆಮಿ ಇವುಗಳಿಂದ ಕಲಾವಿದರಿಗೆ ವೇದಿಕೆ, ಪ್ರಶಸ್ತಿ, ಪ್ರವಾಸಗಳು ದೊರೆತವು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಒಂದು ಗಂಟೆಯ ಪ್ರದರ್ಶನವಾಯಿತು. ಹೊಸ ವಸ್ತುಗಳೂ ಬಂದವು. ೨೦೨೪ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಚರಿತ್ರೆಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲುಗೊಂಬೆಯಲ್ಲಿ ಆಡಿಸಿ ಈ ಮಾಧ್ಯಮಕ್ಕೆ ಪುರಾಣದ ಹೊರಗೂ ಶಕ್ತಿಯಿದೆಯೆಂದು ತೋರಿಸಿದರು.

ಈ ಸಂಕ್ಷೇಪವನ್ನು ಅವನತಿಯೆಂದು ಕರೆದು ನಿಟ್ಟುಸಿರಿಡುವುದು ವಿಮರ್ಶೆಯಾಗದು. ಒಂದು ಗಂಟೆಯ ಆಟವೂ ಒಂದು ಕೃತಿಯೇ. ಅದರಲ್ಲಿ ಏನನ್ನು ಉಳಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಕೇಳಬೇಕು. ಲಂಕಾದಹನದ ಒಂದು ಗಂಟೆಯ ರೂಪವನ್ನು ತೆಗೆದುಕೊಳ್ಳೋಣ. ಬೆಂಕಿ ಹೊತ್ತಿದ ಲಂಕೆ, ಹತ್ತು ತಲೆಯ ರಾವಣ, ಬಾಲ ಬೆಳೆಸುವ ಹನುಮಂತ ಇವರೆಲ್ಲ ಉಳಿದಿರುತ್ತಾರೆ. ಕಣ್ಣಿಗೆ ಇವು ಹಬ್ಬ. ಪದ್ಯಗಳಲ್ಲಿ ಹಲವು ಬಿಟ್ಟುಹೋಗಿರುತ್ತವೆ. ಕಥೆ ತಿಳಿದವರಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಕಿಳ್ಳೇಕ್ಯಾತ ಮೊದಲಲ್ಲಿ ಬಂದು, ಎಲ್ಲ ಊರಿಗೂ ಹೊಂದುವ ನಾಲ್ಕು ಮಾತು ಹೇಳಿ, ಸಭೆಗೆ ಸ್ವಾಗತ ಕೋರಿ ಹೊರಟುಹೋಗುತ್ತಾನೆ. ಅಥವಾ ಸರ್ಕಾರದ ಯೋಜನೆಯೊಂದರ ಪ್ರಯೋಜನವನ್ನು ವಿವರಿಸುತ್ತಾನೆ. ಪ್ರಭುಗಳನ್ನು ಅಣಕಿಸುತ್ತಿದ್ದವನು ಪ್ರಭುತ್ವದ ವಕ್ತಾರನಾಗಿ ಬಿಡುವ ಈ ಪರಿವರ್ತನೆಯನ್ನು ನಮ್ಮ ಬರಹಗಳು ಸಾಕಷ್ಟು ಗಮನಿಸಿಲ್ಲ. ಆರೋಗ್ಯ, ಸಾಕ್ಷರತೆಗಳ ಪ್ರಚಾರ ಒಳ್ಳೆಯ ಕೆಲಸವೇ. ಆದರೆ ಎರಡು ಕಡೆಯಿಂದಲೂ ಮಾತನಾಡಬಲ್ಲ ಒಂದು ಪಾತ್ರವನ್ನು ಒಂದೇ ಕಡೆಯ ಬಾಯಾಗಿ ಮಾಡಿದಾಗ ಹಾಸ್ಯವು ತಾನಾಗಿಯೇ ಸಪ್ಪೆಯಾಗುತ್ತದೆ.

ಇದು ಕಲಾವಿದನ ದೋಷವೆಂದು ನಾವು ಹೇಳುವುದಿಲ್ಲ. ಮಧ್ಯಾಹ್ನ ಬಂದಿಳಿದು, ಸಂಜೆ ಪರಿಚಯವಿಲ್ಲದ ಸಭಾಂಗಣದಲ್ಲಿ ಆಡಿ, ಆ ರಾತ್ರಿಯೇ ಹಿಂದಿರುಗಬೇಕಾದವನಿಗೆ ಆ ಊರಿನ ತೂಬು ಯಾವುದು, ಪೇಟ ಯಾರದು ಎಂದು ತಿಳಿಯುವ ಬಗೆ ಹೇಗೆ? ಕಿಳ್ಳೇಕ್ಯಾತನಿಗೆ ಅಲ್ಲಿ ಊರಿಲ್ಲ. ಊರಿಲ್ಲದ ಮೇಲೆ ಮಾತೂ ಇಲ್ಲ. ರಾಮರಾವಣರಿಗೆ ಈ ಕಷ್ಟವಿಲ್ಲ. ಹೀಗಿರುವುದರಿಂದ, ಗೊಂಬೆಗಳೂ ಕಥೆಗಳೂ ಉಳಿದಿದ್ದರೂ ಆಟದ ಜೀವಾಳ ಇಳಿದಿದೆಯೆಂದು ನಮ್ಮ ನಿರ್ಣಯ.

೭

ಈ ನಿರ್ಣಯಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ಬಲವಾದವು. ಮೊದಲನೆಯದು: ಅಲೆಮಾರಿಯ ಬಾಳು ಬಡತನದ ಬಾಳು, ಬೇಡುವುದರಲ್ಲಿ ಅವಮಾನವಿತ್ತು, ವಿಮರ್ಶಕನ ರಸಾಸ್ವಾದಕ್ಕಾಗಿ ಒಂದು ಕುಟುಂಬ ಮತ್ತೆ ಗಾಡಿ ಹೂಡಬೇಕೆಂದು ಬಯಸುವುದು ಕ್ರೌರ್ಯವಲ್ಲವೆ? ನಿಶ್ಚಯವಾಗಿಯೂ ಹೌದು. ಹಳೆಯ ಬಾಳು ಮರಳಬೇಕೆಂದು ನಾವು ಹೇಳುತ್ತಿಲ್ಲ. ಕಲೆಗೂ ಬಾಳಿಗೂ ಇದ್ದ ಸಂಬಂಧವನ್ನು ಅರಿತವರು ಆ ಸಂಬಂಧದ ಫಲವನ್ನು ಬೇರೆ ಉಪಾಯದಿಂದ ಪಡೆಯಲು ಯತ್ನಿಸಬೇಕೆಂಬುದಷ್ಟೆ ನಮ್ಮ ಮಾತು.

ಎರಡನೆಯದು: ಕಿಳ್ಳೇಕ್ಯಾತನ ಹಾಸ್ಯ ಅಶ್ಲೀಲ, ಅವನ ಹೆಸರನ್ನು ಜನರು ಬೈಗುಳವಾಗಿಯೂ ಬಳಸುತ್ತಾರೆ. ಆ ಹೆಸರಿನಿಂದ ಕರೆಯಿಸಿಕೊಂಡು ನೊಂದ ಸಮುದಾಯದ ತರುಣರಿಗೆ ಈ ಪಾತ್ರದ ಪುನರುದ್ಧಾರ ಹಿತವಾಗಿ ಕಂಡೀತೆ? ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಆ ಸಮುದಾಯದವರದು, ನಮ್ಮದಲ್ಲ. ಆದರೆ ಒಂದು ಮಾತನ್ನು ವಿನಯದಿಂದ ಸೂಚಿಸಬಹುದು. ಆ ಹೆಸರನ್ನು ಬೈಗುಳ ಮಾಡಿದ್ದು ಕಿಳ್ಳೇಕ್ಯಾತನ ನಗೆಗೆ ಗುರಿಯಾದ ಊರು, ಅವನನ್ನು ಸೃಷ್ಟಿಸಿದವರಲ್ಲ. ಅವನು ಮೂರ್ಖನೆಂದೂ ಅಶ್ಲೀಲನೆಂದೂ ಸಭ್ಯರ ವಿಮರ್ಶೆ ಹಿಂದೆ ತಳ್ಳಿದ್ದರಿಂದ ಆ ಬೈಗುಳಕ್ಕೆ ಬಲ ಬಂದಿತು. ಅವನೇ ಆಟದ ಬುದ್ಧಿವಂತನೆಂದು ತೋರಿಸಿಕೊಟ್ಟರೆ ವಿಮರ್ಶೆಯು ತನ್ನ ಪಾಲಿನ ತಪ್ಪನ್ನು ಸ್ವಲ್ಪಮಟ್ಟಿಗಾದರೂ ತಿದ್ದಿದಂತಾಗುತ್ತದೆ.

ಕಡೆಯದಾಗಿ, ಈ ಸಂಚಿಕೆಯನ್ನು ಓದುವ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಸೂಚಿಸುತ್ತೇವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಕಾಲೇಜುಗಳಿವೆ. ಒಂದೊಂದು ಕಾಲೇಜು ವರ್ಷಕ್ಕೊಂದು ಆಟವನ್ನು ಏರ್ಪಡಿಸಿದರೂ ಹಳೆಯ ಸಂಚಾರದ ಒಂದು ಚಿಕ್ಕ ಸುತ್ತು ಮತ್ತೆ ರೂಪುಗೊಳ್ಳುತ್ತದೆ. ಕಾಳಿನ ಬದಲು ನ್ಯಾಯವಾದ ಸಂಭಾವನೆ, ಬಯಲಿನ ಬೀಡಿಗೆ ಬದಲು ಗೌರವದ ವಸತಿ ಇದ್ದರಾಯಿತು. ಮೇಳವನ್ನು ಆಟದ ದಿನವೇ ಕರೆಯದೆ ಎರಡು ದಿನ ಮುಂಚೆ ಕರೆಯಬೇಕು. ಊರಿನಲ್ಲಿ ತಿರುಗಾಡಲು, ಸಂತೆಯಲ್ಲಿ ಕುಳಿತುಕೊಳ್ಳಲು, ಜನರೊಡನೆ ಮಾತನಾಡಲು ಅವರಿಗೆ ಅವಕಾಶವಿರಬೇಕು. ಕಿಳ್ಳೇಕ್ಯಾತನ ಭಾಗವನ್ನು ಸಮಯದ ನೆಪದಿಂದ ಕತ್ತರಿಸಬೇಡಿರೆಂದು ಅವರಿಗೆ ಮೊದಲೇ ತ��ಳಿಸಬೇಕು; ಅವನು ಪ್ರಾಂಶುಪಾಲರನ್ನೂ ಅಧ್ಯಾಪಕರನ್ನೂ ಅಣಕಿಸಿದರೆ ಸಹಿಸಿಕೊಳ್ಳಬೇಕು.

ದಾಖಲೆಯ ವಿಷಯದಲ್ಲಿಯೂ ನಮ್ಮ ಕ್ರಮ ಬದಲಾಗಬೇಕು. ಪದ್ಯಗಳನ್ನು ಬರೆದುಕೊಂಡು ಹಾಸ್ಯವನ್ನು ‘ಇಲ್ಲಿ ಹಾಸ್ಯ’ ಎಂದು ಆವರಣದಲ್ಲಿ ಸೂಚಿಸಿ ಬಿಡುವ ಅಭ್ಯಾಸವನ್ನು ಕೈಬಿಡಬೇಕು. ಪದ್ಯದ ಪಾಠವನ್ನು ಇನ್ನೊಂದು ಮೇಳದಿಂದ ಪಡೆಯಬಹುದು; ಒಂದು ರಾತ್ರಿಯ ಕಿಳ್ಳೇಕ್ಯಾತನ ಮಾತು ಮತ್ತೆ ದೊರೆಯುವುದಿಲ್ಲ. ಅದನ್ನು ಊರು, ತಿಂಗಳು, ನೋಡುಗರ ಪ್ರತಿಕ್ರಿಯೆಗಳೊಡನೆ ಪೂರ್ಣವಾಗಿ ಬರೆದಿಡಬೇಕು. ಸಂಗ್ರಹಾಲಯದಲ್ಲಿ ಗೊಂಬೆಯ ಪಕ್ಕದಲ್ಲಿ ಪಾತ್ರದ ಹೆಸರಿನ ಜೊತೆಗೆ, ಮನೆತನದವರು ಒಪ್ಪಿದರೆ, ಯಾವ ಮನೆತನದ್ದು, ಯಾವ ಊರುಗಳಲ್ಲಿ ಆಡಿದ್ದು ಎಂಬುದನ್ನೂ ನಮೂದಿಸಬೇಕು. ಹಿರಿಯ ಕಲಾವಿದರಿಂದ, ಅದರಲ್ಲಿಯೂ ಮನೆಯ ಹೆಂಗಸರಿಂದ, ತಾವು ತಿರುಗಿದ ಊರುಗಳ ಕ್ರಮವನ್ನು ಕೇಳಿ ಒಂದು ಪಟವನ್ನು ಸಿದ್ಧಪಡಿಸಿದರೆ, ಅದು ತೊಗಲುಗೊಂಬೆಯ ಅಧ್ಯಯನಕ್ಕೆ ಯಾವ ಕಾವ್ಯದ ಪಾಠಾಂತರಕ್ಕಿಂತಲೂ ಕಡಿಮೆಯ ಆಧಾರವಾಗಲಾರದು. ಹೇಮಾವತಿ ಕಾವೇರಿಗಳ ನಡುವಣ ಆ ದಾರಿಗಳನ್ನು ನಡೆದು ಬಲ್ಲವರು ಇನ್ನೂ ಇರುವಾಗಲೇ ಈ ಕೆಲಸ ಆರಂಭವಾಗಬೇಕು.